ಪಾಲಾರಿನಲ್ಲಿ ಮನಸ್ಸಿನ ಸುದ್ದಿ ಕೇಳುವುದು ಹೇಗೆ?

ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ನಮೂನೆ ಇರುತ್ತದೆ. ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ಕೇಳಿ ತುಂಬಬೇಕಾದ ಹಾಳೆ ಅದು. ಬೀಡಿ ಸೇದುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಎರಡು ವಾರ ದಾಟಿದ ಕೆಮ್ಮಿದೆಯೇ ಎಂದು ಕೇಳುತ್ತ ಹೋಗಿ, ಕೊನೆಯ ಭಾಗದಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಕೇಳುತ್ತದೆ. ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ? ಮನಸ್ಸು ಕುಗ್ಗಿದೆಯೇ, ಭರವಸೆ ಇಲ್ಲವೆನಿಸಿದೆಯೇ? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಮೂರನ್ನು ಮೀರಿದರೆ ಆ ವ್ಯಕ್ತಿಯನ್ನು ಆರೋಗ್ಯಾಧಿಕಾರಿಯ ಬಳಿಗೆ ಕಳುಹಿಸಬೇಕು.

ಈ ಎರಡು ಪ್ರಶ್ನೆಗಳನ್ನು ಪಾಲಾರಿಗೆ ಒಯ್ದು ನೋಡೋಣ. ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯಲ್ಲಿ, ಪಾಲಾರ್ ಹೊಳೆ ಕಾವೇರಿಯನ್ನು ಸೇರುವಲ್ಲಿ, ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ ಈ ಊರು. ಆಚೆ ಕಾಲಿಟ್ಟರೆ ತಮಿಳುನಾಡು. ಸುತ್ತ ಕಾಡು, ಕಾಡಿನೊಳಗೆ ಸೋಲಿಗರ ಪೋಡುಗಳು. ಈ ಊರನ್ನೊಳಗೊಂಡ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ಈ ಅಂಚಿನಲ್ಲಿ ಕನ್ನಡ, ತಮಿಳು, ಸೋಲಿಗ ನುಡಿ ಮೂರೂ ಒಂದರೊಳಗೊಂದು ಬೆರೆತಿವೆ. ಬೆಳಗಿನ ಜಾವವೇ ಎದ್ದು ಕೂಲಿಗೆ ಹೊರಟ ಹೆಂಗಸನ್ನು ‘ಕೆಲಸದಲ್ಲಿ ಆಸಕ್ತಿ ಇದೆಯೇ’ ಎಂದು ಕೇಳಿದರೆ ಆಕೆ ಏನೆಂದಾಳು? “ಇದ್ರೂ ಇಲ್ದಿದ್ರೂ ಮಾಡ್ಲೇಬೇಕಲ್ಲವ್ವ” ಎಂದುಬಿಟ್ಟರೆ ಯಾವ ಚೌಕದಲ್ಲಿ ಗುರುತು ಹಾಕುವುದು? ಆ ಮಾತಿನಲ್ಲಿ ದುಃಖವೂ ಇರಬಹುದು, ಬರೀ ಬದುಕಿನ ವಾಸ್ತವವೂ ಇರಬಹುದು. ಎರಡನ್ನೂ ಬೇರ್ಪಡಿಸಿ ಹೇಳುವುದೇ ಪ್ರಶ್ನಾವಳಿಯ ಕೆಲಸ. ಅನುವಾದ ಮಾಡಿದ ಮಾತ್ರಕ್ಕೆ ಅದು ಆ ಕೆಲಸ ಮಾಡುವುದಿಲ್ಲ ಎಂಬುದನ್ನು ಅರ್ಧ ಶತಮಾನದ ಅನುಭವ ನಮಗೆ ಕಲಿಸಿದೆ. ಆ ಅನುಭವದ ಒಂದು ದೊಡ್ಡ ಪಾಲು ಕರ್ನಾಟಕದ್ದೇ.

ಜರಡಿ ಮತ್ತು ಅದರ ಕಣ್ಣು

ತಪಾಸಣೆಯ ಪ್ರಶ್ನಾವಳಿ ರೋಗವನ್ನು ನಿರ್ಣಯಿಸುವುದಿಲ್ಲ. ಅದು ಜರಡಿ. ವೈದ್ಯರು ಯಾರನ್ನು ಕೂರಿಸಿಕೊಂಡು ವಿಚಾರಿಸಬೇಕೋ ಅವರನ್ನು ಆರಿಸಿಕೊಡುತ್ತದೆ. ಡೇವಿಡ್ ಗೋಲ್ಡ್‌ಬರ್ಗ್ 1972ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ಸಾಮಾನ್ಯ ಆರೋಗ್ಯ ಪ್ರಶ್ನಾವಳಿ, ಬಾಣಂತಿಯರ ಖಿನ್ನತೆಗಾಗಿ 1987ರಲ್ಲಿ ಬಂದ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕ, ಅಮೆರಿಕದ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಇಂದು ಜಗತ್ತಿನ ಎಲ್ಲ ಕಡೆ ಬಳಕೆಯಲ್ಲಿವೆ. ಆಶಾ ನಮೂನೆಯ ಎರಡು ಪ್ರಶ್ನೆಗಳು ಪಿಎಚ್‌ಕ್ಯೂವಿನ ಮೊದಲ ಎರಡು. ಬಡ ದೇಶಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಇಪ್ಪತ್ತು ಪ್ರಶ್ನೆಗಳ ಸ್ವಯಂ ವರದಿ ಪ್ರಶ್ನಾವಳಿ. 1970ರ ದಶಕದಲ್ಲಿ ಕೊಲಂಬಿಯಾ, ಸುಡಾನ್, ಫಿಲಿಪ್ಪೀನ್ಸ್ ಮತ್ತು ಭಾರತದಲ್ಲಿ ಅದನ್ನು ಪರೀಕ್ಷಿಸಿದರು. ಭಾರತದ ಕೇಂದ್ರ ಹರಿಯಾಣದ ರಾಯಪುರ ರಾಣಿ. ತಲೆನೋವು, ಹಸಿವು, ನಿದ್ದೆ, ಕೈ ನಡುಕ, ಹೊಟ್ಟೆಯ ತಳಮಳ ಹೀಗೆ ಮೈಯ ಮಾತಿನಿಂದ ಶುರುವಾಗುವ ಅದರ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದರೆ ಸಾಕು.

ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬುದನ್ನು ‘ಗಡಿ ಅಂಕ’ ತೀರ್ಮಾನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಸಾವಿರ ಜನರಿರುವ ಕಡೆ ನೂರು ಜನರಿಗೆ ನಿಜವಾಗಿ ತೊಂದರೆ ಇದೆ ಎನ್ನೋಣ. ಪ್ರಶ್ನಾವಳಿ ಕಾಯಿಲೆಯವರಲ್ಲಿ ನೂರಕ್ಕೆ ಎಂಬತ್ತು ಮಂದಿಯನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ ಎಂಬತ್ತು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಕೇಳಲು ಒಳ್ಳೆಯ ಸಾಧನವೇ. ಆದರೆ ಫಲ ಏನು? 80 ಮಂದಿ ಸರಿಯಾಗಿ ಸಿಕ್ಕರು, 20 ಮಂದಿ ತಪ್ಪಿಹೋದರು, ಏನೂ ತೊಂದರೆ ಇಲ್ಲದ 180 ಮಂದಿಯೂ ಪಟ್ಟಿಗೆ ಸೇರಿದರು. 260 ಜನರನ್ನು ದೂರದ ಆಸ್ಪತ್ರೆಗೆ ಕಳುಹಿಸಿದರೆ ಮೂರರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಸುಮ್ಮನೆ ಹೋಗಿಬಂದಂತಾಯಿತು. ಪಾಲಾರಿನವರಿಗೆ ಅಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಊರವರ ಗುಸುಗುಸು.

ಗಡಿ ಅಂಕ ಊರಿಂದೂರಿಗೆ ಬದಲಾಗುತ್ತದೆ. ಗೋವಾದ ಬಾಣಂತಿಯರಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡಿನ್‌ಬರೋ ಮಾಪಕಕ್ಕೆ 12 ಅಂಕ ಗಡಿಯಾಗಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಕೃಷ್ಣಮಾಚಾರಿ ಶ್ರೀನಿವಾಸನ್ ಅವರಿದ್ದ ತಂಡವೊಂದು ಗ್ರಾಮೀಣ ಗರ್ಭಿಣಿಯರಲ್ಲಿ ಅದೇ ಮಾಪಕವನ್ನೂ ಹತ್ತು ಪ್ರಶ್ನೆಗಳ ಕೆಸ್ಲರ್ ಮಾಪಕವನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿತು. ಅಲ್ಲಿ ಮೊದಲನೆಯದಕ್ಕೆ 13, ಎರಡನೆಯದಕ್ಕೆ ಬರೀ 6 ಅಂಕ ಗಡಿಯೆಂದು ಕಂಡುಬಂತು. ಒಂದು ಕಡೆ ಕಂಡುಕೊಂಡ ಅಂಕವನ್ನು ಇನ್ನೊಂದು ಕಡೆಗೆ ಹಾಗೇ ತಂದು ಕೂರಿಸುವುದು ಒಬ್ಬರ ಅಳತೆಗೆ ಹೊಲಿದ ರವಿಕೆಯನ್ನು ಇನ್ನೊಬ್ಬರಿಗೆ ತೊಡಿಸಿದ ಹಾಗೆ.

ಕೋಟದಿಂದ ಯಳಂದೂರಿನವರೆಗೆ

ನಮ್ಮ ನಾಡಿನಲ್ಲಿ ಈ ಕೆಲಸ ಮೊದಲಾದದ್ದು ಕರಾವಳಿಯ ಕೋಟದಲ್ಲಿ. ಆರ್. ಎಲ್. ಕಪೂರ್ ಮತ್ತು ಸ್ಕಾಟ್ಲೆಂಡಿನ ಜಿ. ಎಂ. ಕಾರ್ಸ್ಟೇರ್ಸ್ ಅಲ್ಲಿಯ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಜನರ ಮನೋಕ್ಲೇಶಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಬರೆದರು. ವಿದೇಶಿ ಪ್ರಶ್ನಾವಳಿಯೊಂದನ್ನು ತಂದು ಭಾಷಾಂತರಿಸಿ ಕೈತೊಳೆದುಕೊಳ್ಳದೆ, ಮಾಳವಿಕಾ ಕಪೂರ್ ಅವರೂ ಸೇರಿ ಭಾರತದ ಸಮುದಾಯಗಳಿಗೆಂದೇ ಒಂದು ಸಮೀಕ್ಷಾ ಪ್ರಶ್ನಾವಳಿ ಕಟ್ಟಿದರು. ಅದು 1974ರಲ್ಲಿ ಪ್ರಕಟವಾಯಿತು. ಪಾತ್ರಿ, ಮಂತ್ರವಾದಿ, ವೈದ್ಯ ಎಂದು ಜನ ಯಾರ ಬಳಿ ಹೋಗುತ್ತಾರೋ ಅವರನ್ನೂ ಕಪೂರ್ ತಮ್ಮ ಅಧ್ಯಯನದ ಒಳಗೆ ತಂದರು. ಮೈಮೇಲೆ ದೇವರು ಬರುವುದನ್ನು ಕೇಳಿದ ಕೂಡಲೇ ರೋಗ ಎಂದು ಬರೆದುಕೊಳ್ಳದೆ ಅದು ಆ ಬದುಕಿನಲ್ಲಿ ಯಾವ ಜಾಗದಲ್ಲಿದೆ ಎಂದು ನೋಡಿದರು. ಮಾದಪ್ಪನ ಬೆಟ್ಟದ ತಪ್ಪಲಿನಲ್ಲಿ ‘ಬೇರೆಯವರಿಗೆ ಕೇಳದ ದನಿ ನಿಮಗೆ ಕೇಳುತ್ತದೆಯೇ’ ಎಂಬ ಪ್ರಶ್ನೆ ಹಾಕುವವರು ಈ ಎಚ್ಚರವನ್ನು ಕಲಿಯಬೇಕು.

1970ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್, ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗಗಳ ಲಕ್ಷಣಗಳನ್ನು ಗುರುತಿಸಲು ಕಲಿಸುವ ಪ್ರಯೋಗ ಅಲ್ಲಿ ನಡೆಯಿತು. ಕಪೂರ್ ಮತ್ತು ಮೋಹನ್ ಐಸಾಕ್ 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ತೀವ್ರ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗವನ್ನು ಕಡಿಮೆ ಖರ್ಚಿನಲ್ಲಿ ಜನರ ನಡುವೆ ಪತ್ತೆಮಾಡುವ ವಿಧಾನವನ್ನು ಮಂಡಿಸಿದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ತಿಳಿವಳಿಕೆ ಜಿಲ್ಲಾಮಟ್ಟದ ಕಾರ್ಯಕ್ರಮವಾಯಿತು. 1996ರಲ್ಲಿ ಅದೇ ಮಾದರಿಯನ್ನು ದೇಶ ಅಳವಡಿಸಿಕೊಂಡಿತು. ಬಳ್ಳಾರಿಯ ಕೆಲಸದ ಹೊತ್ತಿನಲ್ಲೇ ಸಿ. ಶಾಮಸುಂದರ್ ಮತ್ತು ಸಂಗಡಿಗರು ಗೋಲ್ಡ್‌ಬರ್ಗರ ಪ್ರಶ್ನಾವಳಿಯನ್ನು ಬರೀ ಐದು ಪ್ರಶ್ನೆಗೆ ಇಳಿಸಿ, ಅದು ಎಷ್ಟು ನಂಬಿಕೆಗೆ ಯೋಗ್ಯ ಎಂದು 1986ರಲ್ಲಿ ವರದಿ ಮಾಡಿದರು. ರೋಗಿಗಳ ಸಾಲು ಬಾಗಿಲು ದಾಟಿರುವ ಕಡೆ ಅರವತ್ತು ಪ್ರಶ್ನೆ ಕೇಳಲು ಯಾರಿಗೂ ಪುರುಸೊತ್ತಿಲ್ಲ ಎಂಬ ಸರಳ ಸತ್ಯ ಅದರ ಹಿಂದಿತ್ತು.

ಪಾಲಾರಿಗೆ ತೀರಾ ಹತ್ತಿರದ ಪಾಠ ಯಳಂದೂರಿನದು. ನರರೋಗ ತಜ್ಞ ಕೆ. ಎಸ್. ಮಣಿ ಅವರ ತಂಡ ಈ ತಾಲ್ಲೂಕಿನಲ್ಲಿ ಮನೆಮನೆ ಹೊಕ್ಕು ಮೂರ್ಛೆರೋಗದ ಸಮೀಕ್ಷೆ ನಡೆಸಿತು. ಸಾವಿರಕ್ಕೆ 4.6ರಷ್ಟು ಮಂದಿಯಲ್ಲಿ ಕಾಯಿಲೆ ಕಂಡಿತು. ಸಮೀಕ್ಷೆಯ ಫಲ 1998ರಲ್ಲಿ, ಚಿಕಿತ್ಸೆಯ ಫಲ 2001ರಲ್ಲಿ ಪ್ರಕಟವಾದವು. ಗುರುತಿಸಿದವರಿಗೆ ಫೀನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಟ್ಟಲೆ ನೋಡಿಕೊಂಡದ್ದು ಆ ಕೆಲಸದ ಹಿರಿಮೆ. ಪ್ರಶ್ನೆ ಕೇಳಿದವರ ಹಿಂದೆಯೇ ಮಾತ್ರೆಯೂ ಮನೆಗೆ ಬಂತು. ಬಿಳಿಗಿರಿರಂಗನ ಬೆಟ್ಟದಲ್ಲಿ ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಯಳಂದೂರಿನ ಕುಷ್ಠರೋಗ ನಿವಾರಣೆಗೆಂದು ಮೊದಲಾದ ಕರುಣಾ ಟ್ರಸ್ಟ್ ಕೂಡ ಇದೇ ನೆಲದವು. 1996ರಿಂದ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟ್ ನಡೆಸಿದೆ. ಕುಷ್ಠರೋಗ, ಮೂರ್ಛೆರೋಗ ಎರಡೂ ನಾಚಿಕೆಯ ಹೊದಿಕೆಯಡಿ ಅಡಗಿದ್ದವು. ಆ ಹೊದಿಕೆ ಸರಿಸಿದ ಅನುಭವ ಇಲ್ಲಿಯ ಆರೋಗ್ಯ ಕಾರ್ಯಕರ್ತರಿಗೆ ಇದೆ.

ಮಾತು ಎಲ್ಲಿಂದ ಬರಬೇಕು?

ಪ್ರಶ್ನಾವಳಿ ಭಾಷಾಂತರಕ್ಕೆ ಒಂದು ಒಪ್ಪಿತ ಕ್ರಮವಿದೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ. ಮೂಲ ನೋಡಿರದ ಇನ್ನೊಬ್ಬರು ಕನ್ನಡದಿಂದ ಇಂಗ್ಲಿಷಿಗೆ ಮರಳಿಸುತ್ತಾರೆ. ಎರಡೂ ಹೊಂದಿದರೆ ಅನುವಾದ ಸರಿ ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ಒಂದು ದೊಡ್ಡ ಬಿರುಕಿದೆ. ‘ಡಿಪ್ರೆಶನ್’ ಎಂಬುದನ್ನು ‘ಖಿನ್ನತೆ’ ಎಂದು ಬರೆದರೆ, ಓದಿದ ಯಾರೇ ಆದರೂ ಅದನ್ನು ‘ಡಿಪ್ರೆಶನ್’ ಎಂದೇ ಮರಳಿಸುತ್ತಾರೆ. ಪೂರ್ಣಾಂಕ ಬಂತು! ಆದರೆ ‘ಖಿನ್ನತೆ’ ಎಂಬ ಪದವನ್ನು ತನ್ನ ನೋವಿಗೆ ಬಳಸುವ ಒಬ್ಬರೂ ಆ ಊರಿನಲ್ಲಿ ಇಲ್ಲದಿರಬಹುದು. ಹೋಗಿಬರುವ ದಾರಿಯಲ್ಲಿ ಇಬ್ಬರೂ ಇಂಗ್ಲಿಷ್ ಬಲ್ಲ ಕನ್ನಡಿಗರು. ಹಳ್ಳಿ ಆ ದಾರಿಯಲ್ಲಿ ಸಿಗುವುದೇ ಇಲ್ಲ. ಎಡಿನ್‌ಬರೋ ಮಾಪಕದಲ್ಲಿ ‘ಕೆಲಸಗಳು ನನ್ನ ಮೇಲೇರುತ್ತಿವೆ’ ಎಂಬರ್ಥದ ಇಂಗ್ಲಿಷ್ ನುಡಿಗಟ್ಟೊಂದಿದೆ. ಅದನ್ನು ಪದಕ್ಕೆ ಪದ ಇಟ್ಟರೆ ಗರ್ಭಿಣಿ ಗಾಬರಿಯಾದಾಳು. ‘ಎಲ್ಲಾ ತಲೆ ಮೇಲೆ ಬಿದ್ದಂಗಾಗದೆ’ ಅಥವಾ ‘ಯಾವ್ದೂ ಕೈಗೆ ಹತ್ತೋದಿಲ್ಲ’ ಎಂದರೆ ತಟ್ಟನೆ ತಿಳಿಯುತ್ತದೆ.

ನಮ್ಮ ‘ಬೇಜಾರು’ ಇನ್ನೊಂದು ತೊಡಕು. ಕೆಲಸವಿಲ್ಲದೆ ಕೂತರೂ ಬೇಜಾರು, ನೆಂಟರು ಬಾರದಿದ್ದರೂ ಬೇಜಾರು, ಮಗ ಸತ್ತರೂ ಬೇಜಾರು. ‘ನಿಮಗೆ ಬೇಜಾರಾಗುತ್ತದೆಯೇ’ ಎಂದರೆ ಹೌದು ಎನ್ನದವರು ಯಾರು? ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮನಸ್ಸಿನ ಭಾರ ಹೆಚ್ಚಾಗಿ ಮೈಯ ಮೂಲಕವೇ ಮಾತಾಡುತ್ತದೆ. ಎದೆ ಡವಡವ ಅಂತದೆ, ತಲೆ ಗಿಮ್ಮಂತದೆ, ಹೊಟ್ಟೇಲಿ ಸಂಕಟ, ಕೈಕಾಲು ಸೋತು ಬರ್ತವೆ, ಉಣ್ಣೋಕೆ ಮನಸ್ಸಿಲ್ಲ, ಜೀವಕ್ಕೆ ಸಮಾಧಾನ ಇಲ್ಲ. ಹೆಂಗಸರು ಬಿಳಿ ಹೋಗುವುದರ ಜೊತೆ ಸುಸ್ತು, ಸೊಂಟನೋವು ಹೇಳಿಕೊಂಡು ಬಂದಾಗ ಅದರ ಒಳಗೆ ಮನೋಕ್ಲೇಶ ಇರಬಹುದೆಂದು ನಿಮ್ಹಾನ್ಸ್‌ನ ಎಸ್. ಕೆ. ಚತುರ್ವೇದಿ 1980ರ ದಶಕದಲ್ಲೇ ಬರೆದಿದ್ದರು. ಇದು ಹಳ್ಳಿಯವರಿಗೆ ಮನಸ್ಸಿನ ಭಾಷೆ ಗೊತ್ತಿಲ್ಲದ್ದರ ಗುರುತಲ್ಲ. ಆರ್. ರಘುರಾಂ, ಮಿಚೆಲ್ ವೈಸ್, ಎಸ್. ಎಂ. ಚನ್ನಬಸವಣ್ಣ ಮುಂತಾದವರು ಬೆಂಗಳೂರಿನಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣ ಹೆಚ್ಚಿದ್ದಷ್ಟೂ ರೋಗಿಗಳು ಕಳಂಕದ ಭಯ ಹೆಚ್ಚು ಹೇಳಿಕೊಂಡರು. ಮೈಯ ಬಾಧೆಗಳಲ್ಲಿ ಅದು ತಿರುಗುಮುರುಗಾಗಿತ್ತು. ತಲೆನೋವು ಎಂದರೆ ಮಗಳ ಮದುವೆ ನಿಲ್ಲುವುದಿಲ್ಲ. ಮೈಯ ಮಾತು ಮರ್ಯಾದೆಯನ್ನು ಕಾಪಾಡುತ್ತದೆ, ಆದ್ದರಿಂದ ಕೇಳುವವರೂ ಅಲ್ಲಿಂದಲೇ ಶುರುಮಾಡಬೇಕು.

ಜಿಂಬಾಬ್ವೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿಯ ಶೋನಾ ಜನ ‘ಕುಫುಂಗಿಸಿಸಾ’ ಎನ್ನುತ್ತಾರೆ, ಅತಿಯಾಗಿ ಯೋಚಿಸುವುದು ಎಂದರ್ಥ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ರೋಗಿಗಳ, ನಾಟಿ ವೈದ್ಯರ ಮಾತುಗಳನ್ನು ಕೇಳಿ ಹದಿನಾಲ್ಕು ಪ್ರಶ್ನೆಗಳ ಶೋನಾ ಪ್ರಶ್ನಾವಳಿಯನ್ನು 1997ರಲ್ಲಿ ಸಿದ್ಧಪಡಿಸಿದರು. ಮುಂದೆ ಡಿಕ್ಸನ್ ಚಿಬಾಂಡ ಅವರ ‘ಫ್ರೆಂಡ್‌ಶಿಪ್ ಬೆಂಚ್’ ಯೋಜನೆಯಲ್ಲಿ ಅಜ್ಜಿಯರು ಅದೇ ಪ್ರಶ್ನೆಗಳನ್ನು ಬೆಂಚಿನ ಮೇಲೆ ಕೂತು ಕೇಳಿದರು. ಕನ್ನಡದಲ್ಲೂ ‘ಯೋಚ್ನೆ ಹಚ್ಕೊಂಡವ್ಳೆ’ ಎಂಬ ಮಾತಿದೆ, ಶೋನಾ ಪದಕ್ಕೆ ಸರಿಸಾಟಿ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಸಿ. ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಸರಳ ಕನ್ನಡದಲ್ಲಿ ದಶಕಗಳಿಂದ ಬರೆಯುತ್ತಿದ್ದಾರೆ. ಮನಸ್ಸಿನ ಬಗ್ಗೆ ಹೇಳಲು ಕನ್ನಡಕ್ಕೆ ಬಡತನವಿಲ್ಲ. ಆ ಕನ್ನಡ ಇನ್ನೂ ನಮೂನೆಯ ಹಾಳೆಗೆ ಇಳಿದಿಲ್ಲ, ಅಷ್ಟೆ.

ಅಮಾವಾಸ್ಯೆಯಿಂದ ಹುಣ್ಣಿಮೆಗೆ

ಪದ ಸಿಕ್ಕಿದ ಮೇಲೂ ಲೆಕ್ಕದ ತೊಡಕು ಉಳಿಯುತ್ತದೆ. ‘ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ಪ್ರತಿದಿನ’ ಎಂದು ವಿಂಗಡಿಸಿ ಉತ್ತರಿಸುವುದು ಪರೀಕ್ಷೆ ಬರೆದು ರೂಢಿಯಾದವರ ಅಭ್ಯಾಸ. ಎರಡು ವಾರ ಎಂಬ ಅವಧಿಗೂ ಊರಿನ ಗುರುತು ಬೇಕು. ಮಾದಪ್ಪನ ಬೆಟ್ಟದ ಸುತ್ತ ಅಮಾವಾಸ್ಯೆಯನ್ನು ಮರೆಯುವವರಿಲ್ಲ. ಅವತ್ತು ಬೆಟ್ಟಕ್ಕೆ ಜನಸಾಗರ. ಹುಣ್ಣಿಮೆಯ ಹೊತ್ತಿಗೆ ‘ಹೋದ ಅಮಾಸೆಯಿಂದ ಈಚೆಗೆ’ ಎಂದರೆ ದಿನಗಳು ನೆನಪಿಗೆ ಬರುತ್ತವೆ. ಏಳು ದಿನಕ್ಕೆ ‘ಹೋದ ಸಂತೆಯಿಂದ ಈ ಸಂತೆವರೆಗೆ’ ಎನ್ನಬಹುದು. ಎಷ್ಟು ಹೆಚ್ಚು ಎಂಬುದಕ್ಕೆ ಖಾಲಿ, ಕಾಲು, ಅರ್ಧ, ತುಂಬಿದ ಲೋಟಗಳ ಚಿತ್ರ ತೋರಿಸಿದರೆ ಓದು ಬಾರದವರೂ ಬೆರಳಿಟ್ಟು ಹೇಳುತ್ತಾರೆ.

ಇಲ್ಲ ಎಂಬ ಮಾತು ಇನ್ನೂ ಸೂಕ್ಷ್ಮ. ‘ನಿದ್ದೆ ಬರೋದಿಲ್ವಾ?’ ಎಂದು ಕೇಳಿದರೆ ಕನ್ನಡದ ‘ಹೂಂ’ ಬರುವುದಿಲ್ಲ ಎಂಬುದನ್ನು ಒಪ್ಪುತ್ತದೆ. ಅವಸರದಲ್ಲಿ ಗುರುತು ಹಾಕುವವರಿಗೆ ಅದು ‘ಬರುತ್ತದೆ’ ಎಂದು ಕಂಡೀತು. ಪ್ರಶ್ನೆಗಳೆಲ್ಲ ಒಂದೇ ಮುಖವಾಗಿರುವುದು ಕ್ಷೇಮ. ಗೋಲ್ಡ್‌ಬರ್ಗರ ಪ್ರಶ್ನಾವಳಿ ‘ಎಂದಿನಂತೆ’ ಎಂಬ ಉತ್ತರವನ್ನು ಒಳ್ಳೆಯ ಲಕ್ಷಣವೆಂದು ಎಣಿಸುತ್ತದೆ. ಹತ್ತು ವರ್ಷದಿಂದ ನೋವು ತಿಂದವರಿಗೆ ನೋವೇ ಎಂದಿನದು. ಅವರು ಆರೋಗ್ಯವಂತರ ಪಟ್ಟಿಗೆ ಜಾರಿಬಿಡುತ್ತಾರೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಗಮನವಿಡುವ ಶಕ್ತಿಯನ್ನು ಪತ್ರಿಕೆ ಓದುವ ಉದಾಹರಣೆಯಿಂದ ಕೇಳುತ್ತದೆ. ಓದು ಬಾರದವರಿಗೆ ಸೊಪ್ಪು ಬಿಡಿಸುವಾಗ, ಆಡು ಮೇಯಿಸುವಾಗ ಮನಸ್ಸು ಎಲ್ಲೋ ಹೋಗುತ್ತದೆಯೇ ಎಂದು ಕೇಳಬೇಕು.

ಮರೆವಿನ ಕಾಯಿಲೆಯ ತಪಾಸಣೆಯಲ್ಲಿ ಈ ದಾರಿ ಆಗಲೇ ಸವೆದಿದೆ. ಹರಿಯಾಣದ ಬಲ್ಲಬ್‌ಗಢದಲ್ಲಿ 1990ರ ದಶಕದಲ್ಲಿ, ಅಕ್ಷರ ಬಾರದ ಹಿರಿಯರಿಗೆಂದು ಪಾಶ್ಚಾತ್ಯ ಪರೀಕ್ಷೆಯೊಂದನ್ನು ಹಿಂದಿಯಲ್ಲಿ ಮರುರೂಪಿಸಿದರು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ದೀರ್ಘಕಾಲ ಅಧ್ಯಯನ ಮಾಡುವ ಗುರಿಯಿಟ್ಟುಕೊಂಡು, ಅಲ್ಲಿಯ ಜನಕ್ಕೆ ಹೊಂದುವಂತೆ ಪರೀಕ್ಷೆಗಳನ್ನು ಅಳವಡಿಸಿದೆ. ಕನ್ನಡ, ತೆಲುಗು ಬೆರೆತ ಗಡಿಯಲ್ಲಿ ಆದದ್ದು ಕನ್ನಡ, ತಮಿಳು ಬೆರೆತ ಗಡಿಯಲ್ಲಿ ಆಗದೇನು?

ಯಾರು ಕೇಳುತ್ತಾರೆ?

ಪಾಲಾರಿನಲ್ಲಿ ಪ್ರಶ್ನೆಗೇ ಒಂದು ಇತಿಹಾಸವಿದೆ. 1993ರ ಏಪ್ರಿಲ್ 9ರಂದು ಇಲ್ಲಿಗೆ ಸಮೀಪದಲ್ಲಿ ಕಾಡುಗಳ್ಳ ವೀರಪ್ಪನ್ ಇಟ್ಟ ನೆಲಬಾಂಬು ಸಿಡಿದು 22 ಜನ ಸತ್ತರು. ಆಮೇಲಿನ ವರ್ಷಗಳಲ್ಲಿ ಈ ಕಾಡಂಚಿನ ಜನ ಎರಡೂ ಕಡೆಯಿಂದ ನಲುಗಿದರು. ಅವನನ್ನು ಹಿಡಿಯಲು ಬಂದ ವಿಶೇಷ ಕಾರ್ಯಪಡೆಯಿಂದ ಚಿತ್ರಹಿಂಸೆಯಾಯಿತೆಂಬ ದೂರುಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ ವಿಚಾರಣೆ ಮಾಡಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಕಾಗದ, ಪೆನ್ನು ಹಿಡಿದ ಅಪರಿಚಿತರು ಮನೆಬಾಗಿಲಿಗೆ ಬಂದು ‘ರಾತ್ರಿ ನಿದ್ದೆ ಬರ್ತದಾ, ಹೆದರಿಕೆ ಆಗ್ತದಾ’ ಎಂದು ಕೇಳಿದರೆ ಇಂಥ ಕಡೆ ಹಿರಿಯರಿಗೆ ಮೊದಲು ನೆನಪಾಗುವುದು ಆಸ್ಪತ್ರೆಯಾಗಿರಲಾರದು. ‘ಏನೂ ಇಲ್ಲ, ಚೆನ್ನಾಗಿದ್ದೀವಿ’ ಎಂಬ ಉತ್ತರ ಆಗ ಕಾಯಿಲೆ ಇಲ್ಲದ್ದಕ್ಕೆ ಸಾಕ್ಷಿಯಾಗದು. ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ 2018ರ ಡಿಸೆಂಬರಿನಲ್ಲಿ ವಿಷಪ್ರಸಾದ ತಿಂದು 17 ಜನ ಸತ್ತ ದುಃಖವೂ ಇದೇ ಹನೂರು ತಾಲ್ಲೂಕಿನದು. ಇಂಥ ನೆಲದಲ್ಲಿ ಪ್ರಶ್ನಾವಳಿಯ ಪದಗಳಷ್ಟೇ ಅದನ್ನು ಹಿಡಿದ ಕೈಯೂ ಮುಖ್ಯ.

ಆದ್ದರಿಂದ ಕೇಳುವವರು ಊರಿನವರೇ ಆಗಿರಬೇಕು, ಸೋಲಿಗರ ಪೋಡಿನಲ್ಲಿ ಸೋಲಿಗರೇ. ಆದರೆ ಊರಿನವರಾದರೆ ಗುಟ್ಟು ಉಳಿಯುತ್ತದೆಯೇ ಎಂಬ ಅಳುಕು ಬರುತ್ತದೆ. ಅತ್ತೆಯ ಎದುರು ಸೊಸೆ ಏನನ್ನು ಹೇಳಬಲ್ಲಳು? ಆಶಾ ಕಾರ್ಯಕರ್ತೆ ಅತ್ತೆಯ ನೆಂಟಳೇ ಆಗಿದ್ದರೆ? ನೀರಿನ ಹತ್ತಿರವೋ ಅಂಗನವಾಡಿಯ ಜಗುಲಿಯಲ್ಲೋ ಒಬ್ಬರೇ ಸಿಕ್ಕಾಗ ಕೇಳಬೇಕು. ಆ ಮಾತು ಬೇರೆಲ್ಲೂ ಹೋಗದೆಂಬ ಶಿಸ್ತನ್ನು ತರಬೇತಿಯ ಮೊದಲ ಪಾಠವಾಗಿಸಬೇಕು.

ನೇಪಾಳದ ಚಿತ್ವನ್ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ದಾರಿ ಕಂಡುಕೊಂಡರು. ಅಂಕ ಕೂಡಿಸದೆ, ಒಬ್ಬ ಕಾಯಿಲೆಯವರ ಕಥೆಯನ್ನು ಚಿತ್ರದೊಂದಿಗೆ ಹೇಳಿ ‘ಇಂಥವರು ನಿಮಗೆ ಗೊತ್ತೇ’ ಎಂದು ಊರಿನ ಸ್ವಯಂಸೇವಕರನ್ನೇ ಗುರುತಿಸಲು ಬಿಟ್ಟರು. ಹಾಗೆ ಗುರುತಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ನಿಜವಾಗಿ ಕಾಯಿಲೆ ಇತ್ತು. ಕಂಸಾಳೆಯವರ ಬಾಯಲ್ಲಿ ರಾತ್ರಿಯಿಡೀ ಮಾದಪ್ಪನ ಕಥೆ ಕೇಳುವ ಜನಕ್ಕೆ ಕಥೆಯ ಮೂಲಕ ತಮ್ಮ ನೋವನ್ನು ಗುರುತಿಸುವುದು ಹೊಸದೇನಲ್ಲ. ಪಾಲಾರಿನಲ್ಲಿ ಮಾಡಿ ನೋಡಲು ಯೋಗ್ಯವಾದ ಮೊದಲ ಪ್ರಯೋಗ ಇದೇ ಎಂದು ನನಗನ್ನಿಸುತ್ತದೆ.

ಸಾವಿನ ಪ್ರಶ್ನೆಯನ್ನು ಬೇರೆಯಾಗಿಯೇ ನೋಡಬೇಕು. ‘ಸಾಕಪ್ಪ ಈ ಜೀವ’ ಎಂಬುದು ನಮ್ಮಲ್ಲಿ ದಿನದ ಮಾತು. ಅದರೊಳಗೆ ಬರೀ ದಣಿವಿದೆಯೋ ಜೀವ ಕಳೆದುಕೊಳ್ಳುವ ಆಲೋಚನೆಯಿದೆಯೋ ಎಂದು ಮೆಲ್ಲಗೆ, ನೇರವಾಗಿ ಇನ್ನೊಮ್ಮೆ ಕೇಳಬೇಕು. ಹಾಗೆ ಕೇಳುವ ಮುನ್ನವೇ, ಹೌದು ಎಂದರೆ ಮುಂದೇನು ಎಂಬುದು ಕೇಳುವವರಿಗೆ ಗೊತ್ತಿರಬೇಕು. ಆ ರಾತ್ರಿ ಜೊತೆಗೆ ಯಾರಿರುತ್ತಾರೆ, ಮನೆಯಲ್ಲಿರುವ ಕ್ರಿಮಿನಾಶಕವನ್ನು ಎಲ್ಲಿಡುವುದು, ಯಾರಿಗೆ ಫೋನು ಮಾಡುವುದು ಎಲ್ಲವೂ ಮೊದಲೇ ತೀರ್ಮಾನವಾಗಿರಬೇಕು.

ಕೇಳಿದ ಮೇಲಿನ ಋಣ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿತು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆಗ ಮಾನಸಿಕ ತೊಂದರೆ ಇತ್ತು; ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಾಮರಾಜನಗರಕ್ಕೆ ಹೊಂದಿಕೊಂಡ ಕೇರಳ, ತಮಿಳುನಾಡು ಆ ಸಮೀಕ್ಷೆಯಲ್ಲಿದ್ದವು, ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಸಿದ್ಧತೆಯ ಪ್ರಯೋಗ ಮಾತ್ರ ನಡೆದಿತ್ತು. ಕಾಡಂಚಿನ ಊರುಗಳಿಗೆ ಹೊಂದಿದ, ಅಲ್ಲೇ ಪರೀಕ್ಷಿಸಿದ ಪ್ರಶ್ನಾವಳಿ ಬೇಕೆನ್ನಲು ಇದೂ ಒಂದು ಕಾರಣ.

ತಪಾಸಣೆಗೆ 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದುಕೊಟ್ಟ ನಿಯಮಗಳಲ್ಲಿ, ಪತ್ತೆಯಾದ ಕಾಯಿಲೆಗೆ ಚಿಕಿತ್ಸೆ ಸಿಗುವಂತಿರಬೇಕು ಎಂಬುದೂ ಒಂದು. ಇಂದು ದಾರಿಗಳು ಮೊದಲಿಗಿಂತ ಹೆಚ್ಚಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದು ರಾಜ್ಯ ಸರ್ಕಾರ ‘ಮನೋಚೈತನ್ಯ’ ಆರಂಭಿಸಿತು. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಇದೆ. ಆದರೆ ಕಾಡಿನ ದಾರಿಯಲ್ಲಿ ಬಸ್ಸಿಗೆ ಕಾಯುವ, ಫೋನಿನ ಸಿಗ್ನಲ್ಲಿಗೆ ದಿಬ್ಬ ಹತ್ತುವ ಜನಕ್ಕೆ ಇವು ತಾವಾಗಿ ಸಿಗುವುದಿಲ್ಲ. ಪ್ರಶ್ನೆ ಒಯ್ದವರೇ ಕೈಹಿಡಿದು ಕರೆದುಕೊಂಡು ಹೋಗಬೇಕಾಗುತ್ತದೆ.

ಹಾಗಾದರೆ ಪಾಲಾರಿನಂಥ ಊರಿಗೆ ಒಂದು ಪ್ರಶ್ನಾವಳಿ ಹೇಗೆ ಹುಟ್ಟಬೇಕು? ಮೊದಲು ಆರು ತಿಂಗಳು ಯಾವ ಹಾಳೆಯೂ ಇಲ್ಲದೆ ಜನ ತಮ್ಮ ಸಂಕಟವನ್ನು ಏನೆಂದು ಕರೆಯುತ್ತಾರೆ ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಸೋಲಿಗ ನುಡಿಯಲ್ಲಿ ಕೇಳಿ ಬರೆದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಇಪ್ಪತ್ತು ಪ್ರಶ್ನೆಗಳಂಥ ಹೌದು–ಇಲ್ಲದ ಚೌಕಟ್ಟಿಗೆ ಆ ಮಾತುಗಳನ್ನು ಇಳಿಸಬೇಕು. ಪ್ರತಿ ಪ್ರಶ್ನೆಯನ್ನೂ ಕೆಲವರಿಗೆ ಓದಿ ಹೇಳಿ ‘ನಾನು ಏನು ಕೇಳಿದೆ ಅಂತ ನಿಮಗೆ ಅನ್ನಿಸ್ತು?’ ಎಂದು ವಿಚಾರಿಸಬೇಕು. ಬೇರೆ ಅರ್ಥ ಬಂದರೆ ಪ್ರಶ್ನೆ ಬದಲಾಗಬೇಕು. ಆಮೇಲೆ ಮನೋವೈದ್ಯರು ಅದೇ ಜನರನ್ನು ಬೇರೆಯಾಗಿ ನೋಡಿ, ಎರಡನ್ನೂ ತಾಳೆ ಹಾಕಿ ಗಡಿ ಅಂಕ ಕಂಡುಕೊಳ್ಳಬೇಕು. ಇದಕ್ಕೆ ಬೇಕಾದ ಪ್ರತಿ ಹೆಜ್ಜೆಯನ್ನೂ ಕೋಟ, ಸಕಲವಾರ, ಯಳಂದೂರು, ಶ್ರೀನಿವಾಸಪುರಗಳಲ್ಲಿ ಯಾರಾದರೊಬ್ಬರು ನಡೆದಿದ್ದಾರೆ.

ಕೊನೆಗೆ ಆ ಕೂಲಿ ಹೆಂಗಸಿನ ಮಾತಿಗೆ ಬರೋಣ. ‘ಇದ್ರೂ ಇಲ್ದಿದ್ರೂ ಮಾಡ್ಲೇಬೇಕಲ್ಲವ್ವ’ ಎಂದಾಗ ಕಾರ್ಯಕರ್ತೆ ಪೆನ್ನು ಕೆಳಗಿಟ್ಟು “ಹೋದ ಅಮಾಸೆಯಿಂದ ಈಚೆಗೆ ಜೀವಕ್ಕೆ ಹೆಂಗದೆ, ಅಕ್ಕ?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂರಬಲ್ಲಳಾದರೆ ತಪಾಸಣೆ ಶುರುವಾಗುತ್ತದೆ. ಆ ಉತ್ತರದ ನಂತರದ ಮಂಗಳವಾರ ಇಬ್ಬರೂ ಒಂದೇ ಬಸ್ಸು ಹತ್ತಿ ಆಸ್ಪತ್ರೆಗೆ ಹೊರಟರೆ ಆ ಪ್ರಶ್ನೆ ಕೇಳಿದ್ದಕ್ಕೂ ಬೆಲೆ ಬಂತು.